ತೆಂಗಿಲ್ಲದ ಪಚಡಿ

ನದಿಯ ದಡದಲ್ಲಿ ಒಂದು ಆಶ್ರಮ. ಅಲ್ಲಿದ್ದದ್ದು ನಾಲ್ಕು ಜನ, ಒಂದು ಹಸು.

ಗುರುಗಳು ನಿರಂಜನರು. ಅಡುಗೆಗೆ ಸುಬ್ರಾಯ. ಹಸುವಿಗೂ ಹೂವಿಗೂ ಮಾದೇವಕ್ಕ. ನಾಲ್ಕನೆಯವರು ಶಂಭು ಮಾಸ್ತರರು. ಶಾಲೆಯ ಕೆಲಸ ಮುಗಿಸಿ, ಹೆಂಡತಿ ತೀರಿಕೊಂಡ ಮೇಲೆ ಬಂದು ಸೇರಿದವರು.

ಸುಬ್ರಾಯ ಬಂದು ಹನ್ನೆರಡು ವರ್ಷವಾಗಿತ್ತು. ಅವನ ಕೈಯ ಎಲೆಕೋಸಿನ ಪಚಡಿ ಗುರುಗಳಿಗೆ ಇಷ್ಟ. ಹಸಿ ಕೋಸನ್ನು ಎಳೆ ಎಳೆಯಾಗಿ ಹೆಚ್ಚುತ್ತಿದ್ದ. ತೆಂಗಿನಕಾಯಿಗೆ ಸಾಸಿವೆ ಸೇರಿಸಿ ರುಬ್ಬಿ, ಕೆನೆಮೊಸರಿನಲ್ಲಿ ಕಲಸಿ ಬೆರೆಸುತ್ತಿದ್ದ. ಮೇಲೆ ಕೊಬ್ಬರಿ ಎಣ್ಣೆಯ ಒಗ್ಗರಣೆ.

ಆ ವರ್ಷ ಗುರುಗಳಿಗೆ ಎದೆನೋವು ಬಂತು. ವೈದ್ಯರು ಬಂದು ನೋಡಿದರು.

"ತೆಂಗು ಬೇಡ. ಕೆನೆ ಬೇಡ. ಎಣ್ಣೆ ಬೇಡ."

"ಹಾಗಾದರೆ ಪಚಡಿ?"

ಕೇಳಿದ್ದು ಸುಬ್ರಾಯ. ಗುರುಗಳಲ್ಲ.

"ಹಗುರವಾಗಿ ಮಾಡಲು ಬಂದರೆ ಮಾಡು. ಬಾರದಿದ್ದರೆ ಬಿಡು" ಎಂದು ವೈದ್ಯರು ಚಪ್ಪಲಿ ಮೆಟ್ಟಿಕೊಂಡರು.

ಬಿಡುವುದು ಸುಬ್ರಾಯನ ಜಾಯಮಾನವಲ್ಲ. ಮೊಸರು ಕಡೆದು ಬೆಣ್ಣೆಯೆಲ್ಲ ತೆಗೆದ. ಉಳಿದ ಮಜ್ಜಿಗೆ ನೀರಾಗಿತ್ತು. ಕೋಸಿಗೆ ಸುರಿದರೆ ತಳಕ್ಕೆ ಇಳಿಯಿತು. ಮಂದ ಬರಬೇಕು. ತೆಂಗಿಲ್ಲದೆ ಮಂದ ಎಲ್ಲಿಂದ ಬರುತ್ತದೆ?

ತೆಂಗಿನ ಜಾಗಕ್ಕೂ ಸಾಸಿವೆಯನ್ನೇ ಹಾಕಿದ. ಒಂದು ಚಮಚ ಹಾಕುವಲ್ಲಿ ನಾಲ್ಕು. ಒರಳಿನ ಮುಂದೆ ಕೂತು ಗುಂಡು ತಿರುಗಿಸಿದ. ತಿರುಗಿಸಿಯೇ ತಿರುಗಿಸಿದ. ಸಾಸಿವೆ ಗಂಧದ ಹಾಗೆ ನುಣ್ಣಗಾಯಿತು. ಮಜ್ಜಿಗೆಗೆ ಕಲಸಿದರೆ ಮಂದವಾಗಿ ನಿಂತಿತು. ಕೋಸಿನ ಎಳೆ ಎಳೆಗೂ ಹತ್ತಿಕೊಂಡಿತು.

ನೋಡಲು ಹಳೆಯ ಪಚಡಿಯೇ.

ರುಚಿ ನೋಡಲಿಲ್ಲ. ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ಗುರುಗಳು ಉಣ್ಣುವ ಮೊದಲು ಅಡುಗೆಯವನು ನಾಲಿಗೆಗೆ ಏನನ್ನೂ ಹಚ್ಚುವ ಹಾಗಿಲ್ಲ. ಹಚ್ಚಿದರೆ ಎಂಜಲು. ಸುಬ್ರಾಯ ಉಪ್ಪನ್ನು ಕಣ್ಣಿನಲ್ಲಿ ಅಳೆಯುತ್ತಿದ್ದ, ಹುಳಿಯನ್ನು ಮೂಗಿನಲ್ಲಿ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಕಲ್ಲಿನ ಮರಿಗೆಯಲ್ಲಿ ಪಚಡಿ ತುಂಬಿ ತಂದ.

"ನೋಡಿ ಗುರುಗಳೇ. ತೆಂಗಿಲ್ಲ, ಕೆನೆಯಿಲ್ಲ, ಎಣ್ಣೆಯಿಲ್ಲ. ಇಂಥದ್ದನ್ನು ಯಾರೂ ಮಾಡಿರಲಿಕ್ಕಿಲ್ಲ."

ಗುರುಗಳು ಒಂದು ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ನುಂಗಿದರು.

"ಹೌದು. ಯಾರೂ ಮಾಡಿರಲಿಕ್ಕಿಲ್ಲ."

ಸುಬ್ರಾಯನ ಮುಖ ಅರಳಿತು. ಮಾಸ್ತರರ ಎಲೆಗೆ ಬಡಿಸಲು ಮರಿಗೆಗೆ ಕೈ ಹಾಕಿದ.

"ಮರಿಗೆ ಇಲ್ಲೇ ಇರಲಿ" ಎಂದರು ಗುರುಗಳು.

"ಎಲ್ಲವೂ?"

"ಎಲ್ಲವೂ."

ಮರುದಿನವೂ ಹಾಗೆಯೇ ಆಯಿತು. ಆ ದಿನ ಗುರುಗಳು ಒಂದು ಮಾತು ಕೇಳಿದರು.

"ನೀನು ತಿಂದು ನೋಡಿದೆಯಾ, ಸುಬ್ರಾಯ?"

"ನೀವು ಉಣ್ಣುವ ಮೊದಲು ನಾನು ತಿನ್ನುವುದುಂಟೇ?"

"ಸರಿ" ಎಂದು ಗುರುಗಳು ಮರಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಒಂದು ವಾರ ಸುಬ್ರಾಯನ ಕಾಲು ನೆಲದ ಮೇಲಿರಲಿಲ್ಲ. ನೀರಿಗೆ ಬಂದ ಹೆಂಗಸರನ್ನೂ ನಿಲ್ಲಿಸಿ ಹೇಳಿದ. "ಗುರುಗಳು ಒಂದು ಎಳೆ ಬಿಡುವುದಿಲ್ಲ. ಬೇರೆಯವರಿಗೆ ಮುಟ್ಟಲೂ ಕೊಡುವುದಿಲ್ಲ."

ಮಾದೇವಕ್ಕ ನಕ್ಕಳು. "ಕೋಸು ತಿಂದು ಮೋಕ್ಷ ಸಿಗುವ ಹಾಗಿದ್ದರೆ ನನ್ನ ಹಸು ಯಾವತ್ತೋ ಹೋಗುತ್ತಿತ್ತು ಕಣೋ."

ಎರಡನೆಯ ವಾರ ತಾನು ಹೇಳಿಕೊಂಡು ತಿರುಗಿದ ಮಾತೇ ಅವನನ್ನು ಚುಚ್ಚತೊಡಗಿತು.

ಗುರುಗಳು ಪಾಠ ಹೇಳುವಾಗ ಬಹಳ ಸಲ ಹೇಳುತ್ತಿದ್ದದ್ದು ಒಂದೇ. ನಾಲಿಗೆ ಕಟ್ಟಿದವನು ಅರ್ಧ ಗೆದ್ದ. ಆ ಮಾತಿಗೆ ಶಂಭು ಮಾಸ್ತರರು ಕಾಫಿ ಬಿಟ್ಟಿದ್ದರು. ಮೂವತ್ತೈದು ವರ್ಷ ದಿನಕ್ಕೆ ಐದು ಸಲ ಕುಡಿದ ಕಾಫಿ. ಬಿಟ್ಟಾಗ ಹದಿನೈದು ದಿನ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದರು.

ಈಗ ಪಾಠ ಹೇಳುವ ಅದೇ ಬಾಯಿ ಮಧ್ಯಾಹ್ನ ಮರಿಗೆ ಬರಿದು ಮಾಡುತ್ತಿತ್ತು.

ಒಂದು ಬೆಳಿಗ್ಗೆ ಮಾಸ್ತರರು ಹೊಳೆಯಲ್ಲಿ ಪಂಚೆ ಹಿಂಡುತ್ತಿದ್ದರು. ಸುಬ್ರಾಯ ಪಕ್ಕದ ಕಲ್ಲಿನ ಮೇಲೆ ಕೂತ.

"ಮಾಸ್ತರೇ, ನಿಮಗೆ ಒಂದು ಚಮಚ ಪಚಡಿ ಸಿಕ್ಕಿದೆಯೇ?"

"ಇಲ್ಲ. ಆಸೆಯೂ ಇಲ್ಲ."

"ನಿಮಗಿಲ್ಲ. ಅವರಿಗಿದೆ."

"ರೋಗಿಗಳು. ತಿನ್ನಲಿ ಬಿಡೋ."

"ರೋಗಿಗಳು ಒಂದು ಮರಿಗೆ ತಿನ್ನುತ್ತಾರೆಯೇ? ಕೊಡಿ ಅಂದರೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ನಾನು ಕಣ್ಣಾರೆ ನೋಡುತ್ತಿಲ್ಲವೇ? ನಮಗೆ ನಾಲಿಗೆ ಕಟ್ಟಿ ಅನ್ನುವುದು, ತಾವು..."

ಅವನ ಕಣ್ಣಿನಲ್ಲಿ ನೀರು ಬಂತು. ಸುಳ್ಳು ನೀರಲ್ಲ. ಹನ್ನೆರಡು ವರ್ಷ ನಂಬಿದವನ ನೀರು.

ಮಾಸ್ತರರು ಹಿಂಡಿದ ಪಂಚೆಯನ್ನು ಮತ್ತೆ ಹಿಂಡಿದರು.

ನಾಲ್ಕು ದಿನ ಊಟಕ್ಕೆ ಕೂತಾಗ ಅವರು ತಮ್ಮ ಎಲೆ ನೋಡಲಿಲ್ಲ. ಗುರುಗಳ ಮರಿಗೆ ನೋಡಿದರು. ಐದನೆಯ ದಿನ ಚಾಪೆ ಸುತ್ತಿಟ್ಟು, ಜಪಮಾಲೆಯನ್ನು ಅದರ ಮೇಲಿಟ್ಟು, ದೋಣಿ ಹತ್ತಿದರು. ಆಚೆ ದಡದಲ್ಲಿ ಅವರ ತಂಗಿಯ ಮನೆ.

ಗುರುಗಳು ಚಾಪೆ ನೋಡಿದರು. ಮಾಲೆ ನೋಡಿದರು.

"ಹೇಳಿ ಹೋದರೇ?"

"ಇಲ್ಲ" ಎಂದಳು ಮಾದೇವಕ್ಕ.

ಆ ಮಧ್ಯಾಹ್ನ ಗುರುಗಳು ಎಂದಿನಂತೆ ಕೂತರು. ಎಂದಿನಂತೆ ಕೈ ಚಾಚಿದರು. ಸುಬ್ರಾಯನಿಗೆ ತಡೆಯಲಾಗಲಿಲ್ಲ.

"ಇವತ್ತಾದರೂ ಬಿಡಬಹುದಿತ್ತು."

"ಏನನ್ನು?"

"ಪಚಡಿಯನ್ನು. ಒಬ್ಬ ಮನುಷ್ಯ ಎದ್ದು ಹೋಗಿದ್ದಾನೆ. ಯಾಕೆ ಹೋದ ಅಂತ ನಿಮಗೆ ಗೊತ್ತೇ? ನಿಮ್ಮ ನಾಲಿಗೆ ನೋಡಿ ಹೋದ. ನಾನೂ ಹೋಗುತ್ತೇನೆ. ನೀವು ಹೇಳಿದ್ದಕ್ಕೆ ಅವರು ಕಾಫಿ ಬಿಟ್ಟರು, ನಾನು ಮನೆ ಬಿಟ್ಟೆ. ನಿಮಗೆ ಒಂದು ಮರಿಗೆ ಕೋಸು ಬಿಡಲು ಆಗಲಿಲ್ಲ."

ಮಾದೇವಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗುರುಗಳು ಮರಿಗೆಯನ್ನು ಅವನತ್ತ ನೂಕಿದರು.

"ತಿನ್ನು."

"ನನಗೆ ಬೇಡ."

"ಹೋಗುವವನು ತಿಂದು ಹೋಗು."

ಸುಬ್ರಾಯ ನಿಂತೇ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡ.

ಕಹಿ. ಬೇವಿನ ಎಲೆ ಅಗಿದ ಹಾಗೆ. ಕಹಿ ಗಂಟಲಿಗೆ ಇಳಿಯಿತು, ಮೂಗಿಗೆ ಏರಿತು, ಕಿವಿಯ ಹಿಂದೆ ಹೋಗಿ ಕೂತಿತು. ಅಂಗಳಕ್ಕೆ ಓಡಿ ಉಗುಳಿದ. ಬಾಯಿ ಮುಕ್ಕಳಿಸಿದ. ಹೋಗಲಿಲ್ಲ.

ಮರಳಿ ಬಂದಾಗ ಗುರುಗಳು ಅದನ್ನೇ ಅನ್ನಕ್ಕೆ ಕಲಸುತ್ತಿದ್ದರು.

"ಬಿಡಿ! ಬಿಡಿ ಗುರುಗಳೇ!" ಸುಬ್ರಾಯ ಮರಿಗೆ ಕಿತ್ತುಕೊಂಡ. "ದಿನಾ ಹೀಗೆಯೇ ಇತ್ತೇ?"

"ಕೆಲವು ದಿನ ನೀನು ಇನ್ನೂ ಚೆನ್ನಾಗಿ ಅರೆದಿದ್ದೆ."

"ಹಸುವಿಗೆ ಹಾಕಬಹುದಿತ್ತಲ್ಲ?"

"ಹಾಕಿದ್ದೆ" ಎಂದಳು ಮಾದೇವಕ್ಕ ಸೆರಗಿನೊಳಗಿಂದಲೇ. "ಮೂರನೆಯ ದಿನ, ಮರಿಗೆಯ ತಳಕ್ಕೆ ಹತ್ತಿದ್ದನ್ನು. ಹಸು ಮೂಸಿ ಹಿಂದೆ ಸರಿಯಿತು. ಯಾರಿಗೂ ಹೇಳಬೇಡ ಅಂದರು ಗುರುಗಳು."

ಸುಬ್ರಾಯ ಮರಿಗೆ ಹಿಡಿದುಕೊಂಡೇ ಕೆಳಗೆ ಕೂತ.

"ಯಾಕೆ ಹೇಳಲಿಲ್ಲ?"

ಗುರುಗಳು ಕೈ ತೊಳೆದುಕೊಂಡು ಬಂದರು. ಕಂಬಕ್ಕೆ ಒರಗಿದರು.

"ಮೊದಲ ದಿನ ನೀನು ಕುಣಿಯುತ್ತಿದ್ದೆ. ಇವರೆಲ್ಲ ನಗುತ್ತಾರೆ ಅಂತ ಮರಿಗೆ ಇಟ್ಟುಕೊಂಡೆ."

"ಎರಡನೆಯ ದಿನ?"

"ತಿಂದೆಯಾ ಅಂತ ಕೇಳಿದೆ. ನೀನು ಕಟ್ಟಳೆ ಹೇಳಿದೆ."

"ಆಮೇಲೆ?"

ಗುರುಗಳು ಹೊಳೆಯ ಕಡೆ ತಿರುಗಿದರು.

"ಆಮೇಲೆ ನನಗೆ ರುಚಿ ಹತ್ತಿತು."

"ಇದಕ್ಕೆ ರುಚಿಯೇ?"

"ಕಹಿ ತಿಂದೂ ಮುಖ ಕಿವುಚದವನು ನಾನು. ಅದರ ರುಚಿ. ನಾಳೆಯೂ ತಿನ್ನಬಲ್ಲೆ, ನಾಡಿದ್ದೂ ತಿನ್ನಬಲ್ಲೆ ಅನ್ನಿಸುತ್ತಿತ್ತು. ನೀನು ಮಾಸ್ತರರಿಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಸುಬ್ರಾಯ."

ಸುಬ್ರಾಯ ತಲೆ ಎತ್ತಿದ.

"ನಾನು ಹೇಳಿದ್ದು ನಿಮಗೆ ಗೊತ್ತಿತ್ತೇ?"

"ಮಾಸ್ತರರು ನನ್ನ ಮರಿಗೆ ನೋಡತೊಡಗಿದ ದಿನ ಗೊತ್ತಾಯಿತು."

"ಆಗಲಾದರೂ ಹೇಳಬೇಕಿತ್ತು!"

"ಬೇಕಿತ್ತು."

ಗುರುಗಳು ಕಣ್ಣು ಮುಚ್ಚಿಕೊಂಡರು.

ಸುಬ್ರಾಯ ಎದ್ದ. ಮರಿಗೆಯಲ್ಲಿ ಉಳಿದದ್ದನ್ನು ಒಂದು ಡಬ್ಬಿಗೆ ತುಂಬಿದ.

"ಎಲ್ಲಿಗೆ?"

"ಮಾಸ್ತರರನ್ನು ಕರೆತರುತ್ತೇನೆ. ಒಂದು ಚಮಚ ತಿನ್ನಿಸಿದರೆ ತಿಳಿಯುತ್ತದೆ."

ಗುರುಗಳು ಹೋಗು ಎನ್ನಲಿಲ್ಲ. ಬೇಡವೆನ್ನಲಿಲ್ಲ.

ಆಚೆ ದಡದ ಮನೆಯ ಜಗಲಿಯಲ್ಲಿ ಮಾಸ್ತರರು ಕೂತಿದ್ದರು. ಕೈಯಲ್ಲಿ ಲೋಟ. ಕಾಫಿಯ ಪರಿಮಳ ಅಂಗಳದವರೆಗೆ ಬರುತ್ತಿತ್ತು.

"ಬಾ ಸುಬ್ರಾಯ. ನೀನೂ ಬಿಟ್ಟು ಬಂದೆಯಾ? ತಂಗೀ, ಇನ್ನೊಂದು ಲೋಟ ತಾರಮ್ಮ."

"ನಾನು ಹೇಳಿದ್ದು ತಪ್ಪು, ಮಾಸ್ತರೇ." ಸುಬ್ರಾಯ ಅವರ ಕಾಲಿನ ಬಳಿ ಕೂತು ಎಲ್ಲ ಹೇಳಿದ. ಹೇಳುತ್ತ ಅತ್ತ. ಡಬ್ಬಿ ತೆರೆದು ಮುಂದಿಟ್ಟ. "ತಿಂದು ನೋಡಿ. ಇದನ್ನು ಆಸೆಗೆ ತಿನ್ನುವವರುಂಟೇ?"

ಮಾಸ್ತರರು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಮುಖ ಸಿಂಡರಿಸಿದರು. ಒಂದು ಗುಟುಕು ಕಾಫಿ ಕುಡಿದರು.

"ಕಹಿ ಹೌದು."

"ಈಗ ತಿಳಿಯಿತಲ್ಲ. ಬನ್ನಿ."

"ಏನು ತಿಳಿಯಿತು? ಇವತ್ತಿನ ಪಚಡಿ ಕಹಿ ಅಂತ ತಿಳಿಯಿತು. ನೆನ್ನೆಯದು ಹೇಗಿತ್ತೋ ನಾನು ಕಂಡೆನೇ? ನನ್ನನ್ನು ಕರೆತರಲು ಇವತ್ತು ಕಹಿ ಮಾಡಿ ಕಳಿಸಿದ್ದಾರೋ ಏನೋ."

"ನನ್ನ ಮೇಲೆ ನಂಬಿಕೆ ಇಲ್ಲವೇ?"

"ಅವತ್ತು ಹೊಳೆಯ ಹತ್ತಿರ ನೀನು ಅತ್ತೆ. ನಂಬಿದೆ. ಇವತ್ತೂ ಅಳುತ್ತಿದ್ದೀಯ. ಯಾವ ಅಳು ನಂಬಲಿ, ನೀನೇ ಹೇಳು."

ಸುಬ್ರಾಯ ಡಬ್ಬಿಯ ಮುಚ್ಚಳ ಹಾಕಿದ.

"ಮೂರು ವರ್ಷ ಕಾಫಿ ಬಿಟ್ಟಿದ್ದೆ. ಕಾಫಿ ಬಿಟ್ಟದ್ದಕ್ಕೆ ಬೇಸರವಿಲ್ಲ. ಇವತ್ತು ಮತ್ತೆ ಹಿಡಿದಾಗ ಎಷ್ಟು ರುಚಿಯಾಗಿತ್ತು ಗೊತ್ತೇ? ಅದಕ್ಕೆ ಬೇಸರ." ಮಾಸ್ತರರು ಲೋಟವನ್ನು ತಿರುಗಿಸಿದರು. "ಮತ್ತೆ ಬಿಡುವ ಶಕ್ತಿ ನನ್ನಲ್ಲಿಲ್ಲ. ನೀನು ಹೋಗು."

ಒಳಗಿಂದ ಬಂದ ಕಾಫಿಯನ್ನು ಸುಬ್ರಾಯ ಮುಟ್ಟಲಿಲ್ಲ. ದೋಣಿಯಲ್ಲಿ ಬರುತ್ತ ಡಬ್ಬಿಯನ್ನು ಹೊಳೆಗೆ ಬಗ್ಗಿಸಿದ. ಮೀನುಗಳು ಬಂದವು. ಹಾಗೆಯೇ ಹೋದವು.

ಗುರುಗಳು ಮೆಟ್ಟಿಲ ಮೇಲೆ ಕೂತಿದ್ದರು. ದೋಣಿಯಿಂದ ಒಬ್ಬನೇ ಇಳಿದದ್ದನ್ನು ನೋಡಿದರು.

"ನಾನು ಅಡುಗೆಮನೆಗೆ ಕಾಲಿಡುವುದಿಲ್ಲ" ಎಂದ ಸುಬ್ರಾಯ.

"ನಾಳೆ ಕೋಸು ಹೆಚ್ಚು."

"ಗುರುಗಳೇ..."

"ಉಪ್ಪು ಬೆರೆಸಿ ಇಡು. ನೀರು ಬಿಡುತ್ತದೆ. ಹಿಂಡು. ಹಿಂಡಿದ ಕೋಸಿಗೆ ನೀರುಮಜ್ಜಿಗೆಯೂ ಹಿಡಿಯುತ್ತದೆ, ಮಂದ ಬೇಕಿಲ್ಲ. ಸಾಸಿವೆ ಒಂದು ಚಿಟಿಕೆ. ಒಡೆದರೆ ಸಾಕು, ಅರೆಯಬೇಡ. ಅರೆದಷ್ಟೂ ಕಹಿ."

"ನಿಮಗೆ ಹೇಗೆ ಗೊತ್ತು?"

"ನಾನೂ ನನ್ನ ಗುರುಗಳಿಗೆ ಅಡುಗೆ ಮಾಡಿದವನೇ. ಇದೇ ತಪ್ಪು ಮಾಡಿದ್ದೆ."

"ಅವರೂ ಸುಮ್ಮನೆ ತಿಂದರೇ?"

"ಮೊದಲ ತುತ್ತಿಗೇ ಮರಿಗೆಯನ್ನು ನನ್ನ ಮುಖಕ್ಕೆ ಎಸೆದರು."

ಸುಬ್ರಾಯ ಬೆಚ್ಚಿದ. "ಅಂಥ ಕೋಪಿಷ್ಠರೇ?"

"ನನಗಿಂತ ಒಳ್ಳೆಯ ಗುರು."

ಹೊಳೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಗುರುಗಳು ಎದೆಯನ್ನು ಒತ್ತಿಕೊಂಡು ಎದ್ದರು. ಎರಡು ಮೆಟ್ಟಿಲು ಹತ್ತಿ ತಿರುಗಿದರು.

"ಮೊದಲು ನೀನು ತಿನ್ನು. ಆಮೇಲೆ ನನಗೆ ತಾ."

"ಎಂಜಲಾಗುತ್ತದೆ."

"ಆಗಲಿ."

ಮರುದಿನ ಸುಬ್ರಾಯ ಕೋಸು ಹೆಚ್ಚಿದ. ಉಪ್ಪು ಬೆರೆಸಿ ಇಟ್ಟ. ಒಂದು ಗಳಿಗೆಯಲ್ಲಿ ತಳದಲ್ಲಿ ನೀರು ನಿಂತಿತು. ಎರಡು ಕೈಯಲ್ಲಿ ಹಿಂಡಿದ. ಮಜ್ಜಿಗೆ ಬೆರೆಸಿದ. ಒಂದು ಚಿಟಿಕೆ ಸಾಸಿವೆಯನ್ನು ಒಡೆದು ಉದುರಿಸಿದ, ಒಂದು ನಿಂಬೆಯ ಹೋಳು ಹಿಂಡಿದ.

ಬಾಗಿಲ ಕಡೆ ಬೆನ್ನು ಹಾಕಿ ಒಂದು ಚಮಚ ತಿಂದ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ನಾಲಿಗೆಯ ಮೇಲೆ ನೆನ್ನೆಯ ಕಹಿ ಇನ್ನೂ ಇತ್ತು. ಬೇರೆ ಏನೂ ತಿಳಿಯಲಿಲ್ಲ.

ಊಟಕ್ಕೆ ಮೂರು ಎಲೆ ಹಾಕಿದ. ಕೈಯಲ್ಲಿ ನಾಲ್ಕನೆಯದು ಇತ್ತು. ಅದನ್ನು ಮಡಚಿ ಇಟ್ಟ.

ಗುರುಗಳು ಒಂದು ತುತ್ತು ತಿಂದರು. ಸುಬ್ರಾಯ ಕೈಕಟ್ಟಿ ನಿಂತಿದ್ದ.

"ಹೇಗಿದೆ ಗುರುಗಳೇ?"

"ಸಪ್ಪೆ."

"ಉಪ್ಪು ಹಾಕಿದ್ದೆನಲ್ಲ?"

ಗುರುಗಳು ಮರಿಗೆಯನ್ನು ಅವನ ಕೈಗೆ ಹಿಂದಿರುಗಿಸಿದರು.

"ನೀರಿನ ಜೊತೆ ಹೋದದ್ದು ಹೋಯಿತು. ಉಳಿದದ್ದಕ್ಕೆ ಬೇರೆ ಉಪ್ಪು ಹಾಕು."