ಮುಂದಿನ ಕಾರಿನ ಹಿಂದೆ ಹೋದ ಶೇಷು

ತಿಪಟೂರಿನಲ್ಲಿ ಪಂಕಜಮ್ಮ ಅಂತ ಒಬ್ಬಾಕೆ. ಕಾಲೇಜಿನಲ್ಲಿ ಗಣಿತ ಓದಿದವಳು, ಊರಿಗೆಲ್ಲ ಬುದ್ಧಿ ಹೇಳುವವಳು. ಅವಳ ಹೊಟ್ಟೆಯಲ್ಲಿ ಹುಟ್ಟಿದವನು ಶೇಷು. ನಿಲ್ಲು ಅಂದರೆ ನಿಂತ, ಕೂರು ಅಂದರೆ ಕೂತ. ಅದರಾಚೆ ತಲೆ ಓಡದು. ಗಂಡ ರಂಗರಾಯರಿಗೆ ಎದೆಯ ಕಾಯಿಲೆ. ದೊಡ್ಡಾಸ್ಪತ್ರೆ ಇರುವುದು ತುಮಕೂರಿನಲ್ಲಿ.

"ಒಬ್ಬ ಡ್ರೈವರ್‌ನ ಇಟ್ಕೊಳ್ಳಿ ಪಂಕಜಮ್ಮನೋರೆ," ಅಂದಳು ಪಕ್ಕದ ಮನೆಯ ಜಯಲಕ್ಷ್ಮಿ.

"ಯಾಕ್ರೀ? ಹೇಳಿಕೊಡೋಕೆ ನಾನಿಲ್ವಾ? ಹೊತ್ತು ಬಂದರೆ ಅವರಪ್ಪನ್ನ ಅವನೇ ಕರ್ಕೊಂಡು ಹೋಗ್ತಾನೆ!"

ಶೇಷು ಕಾರು ಓಡಿಸಲು ಕಲಿತ. ಅರಸೀಕೆರೆಯಲ್ಲಿ ನೆಂಟರ ಮದುವೆ. ಸೋದರಮಾವನ ಕಾರು ಮುಂದೆ ಹೊರಟಿತು. "ಮುಂದಿನ ಕಾರನ್ನ ಬಿಡಬೇಡ್ವೋ!" ಅಂದಳು ತಾಯಿ, ಆ ಕಾರಿನೊಳಗಿಂದಲೇ.

ನಡುವೆ ಇನ್ನೊಂದು ಕಾರು ನುಗ್ಗಿತು. ಈಗ ಮುಂದಿರೋದು ಅದೇ ತಾನೆ? ಅದು ಹಾಸನಕ್ಕೆ ಹೋಯಿತು, ಇವನೂ ಹೋದ. ಅದು ಯಾರದೋ ಅಂಗಳಕ್ಕೆ ಹೊಕ್ಕಿತು, ಇವನೂ ಹೊಕ್ಕ. ಆ ಮನೆಯವರು ದೊಣ್ಣೆ ತಂದರು.

"ಪೆದ್ದ! ಹಾಗೆ ಅಂಟಿಕೊಂಡು ಹೋಗ್ತಾರಾ? ಜಾಗ ಬಿಡು! ಮುಂದಿನವನು ನಿಂತ್ರೆ ನಿಲ್ಲು!" ಅಂದಳು ತಾಯಿ, ಅವನು ಮನೆ ಸೇರಿದ ಮೇಲೆ.

"ಆಗ್ಲಮ್ಮ."

ಮರುವಾರ ಅಪ್ಪನ ಮಾತ್ರೆ ತರಲು ತುಮಕೂರಿಗೆ ಹೊರಟ. ಮುಂದೆ ತೆಂಗಿನಕಾಯಿ ಲಾರಿ. ಜಾಗ ಬಿಟ್ಟೇ ಹೋದ. ಲಾರಿ ಊಟಕ್ಕೆ ರಸ್ತೆ ಪಕ್ಕ ನಿಂತಿತು. ಶೇಷುವೂ ನಿಂತ, ನಡುರಸ್ತೆಯಲ್ಲಿ! ಲಾರಿಯವನು ಉಂಡ, ಎಲೆಯಡಿಕೆ ಹಾಕಿದ, ಲಾರಿ ಕೆಳಗೆ ಮಲಗಿ ಗೊರಕೆ ಹೊಡೆದ. ಹಿಂದಿನವರು ಉಗಿದರು. ಶೇಷು ಕದಲಲಿಲ್ಲ. ಅಂಗಡಿ ಮುಚ್ಚಿತು, ಮಾತ್ರೆ ಬರಲಿಲ್ಲ.

"ಮಂಕುದಿಣ್ಣೆ! ಎಲ್ಲರೂ ಒಂದೇ ಥರ ಓಡಿಸ್ತಾರಾ? ಒಬ್ಬ ಬೆನ್ನಿಗೇ ಬೀಳ್ತಾನೆ, ಒಬ್ಬ ಹೆದರಿ ಹಿಂದುಳೀತಾನೆ, ಒಬ್ಬ ನಿದ್ದೆ ಹೊಡೀತಾನೆ. ಕಾರನ್ನಲ್ಲ, ಮನುಷ್ಯನ್ನ ನೋಡು! ಅವಸರ ಇದ್ದೋನಿಗೆ ದಾರಿ ಬಿಡು!"

"ಆಗ್ಲಮ್ಮ."

ಒಂದು ದಿನ ರಾಯರಿಗೆ ಎದೆ ಹಿಡಿಯಿತು.

"ಆಂಬುಲೆನ್ಸ್ ಕರೀಲೇನ್ರೀ?" ಜಯಲಕ್ಷ್ಮಿ ಓಡಿ ಬಂದಳು.

"ಬೇಡ. ನನ್ನ ಮಗ ಇದಾನೆ."

ಕಾರು ಹೊರಟಿತು. ಹಿಂದೆ ಬಸ್ಸು ಹಾರ್ನ್ ಹೊಡೆಯಿತು. ಶೇಷು ಪಕ್ಕಕ್ಕೆ ಸರಿದು ನಿಂತ. ಟೆಂಪೋ ಹೊಡೆಯಿತು, ನಿಂತ. ಹಾಲಿನ ವ್ಯಾನು ಹೊಡೆಯಿತು, ನಿಂತ.

"ಯಾಕೋ ನಿಂತೆ?"

"ಅವರಿಗೆ ಅವಸರ ಕಣಮ್ಮ."

"ನಿಮ್ಮಪ್ಪಂಗೆ ಅವಸರ ಇಲ್ವೇನೋ!"

"ಅಪ್ಪ ಹಾರ್ನ್ ಹೊಡೀಲಿಲ್ವಲ್ಲಮ್ಮ!"

ಗುಬ್ಬಿ ದಾಟುವ ಹೊತ್ತಿಗೆ ರಾಯರ ಕೈ ಅವಳ ಕೈಯಲ್ಲೇ ತಣ್ಣಗಾಯಿತು.

"ಪಾಪೀ!" ಎದೆ ಎದೆ ಬಡಿದುಕೊಂಡಳು. "ಇನ್ನು ಯಾರನ್ನೂ ಮುಂದೆ ಬಿಡಬೇಡ! ಯಾರನ್ನೂ!"

"ಆಗ್ಲಮ್ಮ."

ಮರುದಿನ ಮನೆಯ ಮುಂದೆ ಶವದ ವ್ಯಾನು ಬಂದು ನಿಂತಿತು. ಬೆಂಕಿಯ ಮಡಕೆ ಇದೆ, ಹಿಡಿಯುವ ಮಗನಿಲ್ಲ. ಅವನು ಹಿಡಿಯದೆ ಹೆಣ ಎತ್ತುವಂತಿಲ್ಲ. ಹಿತ್ತಲಲ್ಲಿ ಹುಡುಕಿದರು, ಬೀದಿಯಲ್ಲಿ ಕೂಗಿದರು. ಬಿಸಿಲೇರಿತು. ಪುರೋಹಿತರು ಗೊಣಗಿದರು.

ಆಗ ಫೋನ್ ಬಂತು.

"ಅಮ್ಮಾ, ಸ್ಮಶಾನಕ್ಕೆ ಬಂದ್ಬಿಟ್ಟೆ! ನಾನೇ ಮೊದಲು! ಯಾರನ್ನೂ ಮುಂದೆ ಬಿಡ್ಲಿಲ್ಲ. ಅಪ್ಪನ್ನೂ ಬಿಡ್ಲಿಲ್ಲ!"

ಬೈಯಲು ಬಾಯಿ ತೆರೆದಳು ಪಂಕಜಮ್ಮ.

"ಅಮ್ಮಾ, ಈಗೇನು ಮಾಡ್ಲಿ? ಹೇಳಮ್ಮ. ನೀನು ಹೇಳಿದ ಹಾಗೇ ಮಾಡ್ತೀನಿ."