ಕಣ್ಬಿಟ್ಟ ದಿನ್ನೆ

ಮುದ್ದಲಗೇರಿಯಿಂದ ಪಡುವಣಕ್ಕೆ ಎರಡು ಹೊಲ ದಾಟಿದರೆ ಕಣ್ಬಿಟ್ಟ ದಿನ್ನೆ ಸಿಗುತ್ತದೆ. ಅದರ ನೆತ್ತಿಯ ಮೇಲೆ ಒಂದು ಅಂಕಣದ ಗುಡಿ. ಒಳಗೆ ಮೊಳದೆತ್ತರದ, ಬೇವಿನ ಕಟ್ಟಿಗೆಯ ದ್ಯಾಮವ್ವ. ಎದುರಿನ ಗೋಡೆಗೆ ಹಿತ್ತಾಳೆ ಕಟ್ಟಿನ ಹಳೆಯ ಕನ್ನಡಿ. ಬಂದವರು ಮೊದಲು ಆ ಕನ್ನಡಿಯಲ್ಲಿ ಕ್ರಾಪು ತಿದ್ದಿಕೊಳ್ಳುತ್ತಾರೆ, ಆಮೇಲೆ ತಾಯಿಗೆ ಕೈ ಮುಗಿಯುತ್ತಾರೆ. ಅದನ್ನೂ ಸಹಿಸಬಹುದು. ಆದರೆ ಇಲ್ಲಿ ಕಣ್ಣುಬೇನೆ ವಾಸಿಯಾಗುತ್ತದೆಂದು ಯಾರೋ ಹಬ್ಬಿಸಿದ ಮೇಲೆ ಕನ್ನಡಕದವರ ಸಾಲು ಹತ್ತಿದೆ. ಹಾಗೇನೂ ಇಲ್ಲ, ದವಾಖಾನೆಗೆ ಹೋಗಿರಿ ಎಂದು, ವಾರದ ಪೂಜೆ ಮಾಡುವ ನಾನು, ಎಷ್ಟು ಮಂಗಳವಾರ ಹೇಳಿದ್ದೇನೆಯೋ ದೇವಿಗೇ ಗೊತ್ತು. ಈಚೆಗೆ ಪಟ್ಟಣದ ಮಹನೀಯರೊಬ್ಬರು, ತಾಯಿಯ ಎಡಗಣ್ಣು ತುಸು ಮೇಲಾಗಿದೆ, ಒಳ್ಳೆಯ ಕಲಾವಿದನಿಂದ ಸರಿ ಮಾಡಿಸುತ್ತೇನೆ ಎಂದರು. ಹೇಳಿ ಹೇಳಿ ಬಾಯಿ ಸೋತು, ಹಿರಿಯರಿಂದ ಕೇಳಿದ್ದನ್ನು ಬರೆದೇ ಇಡುತ್ತಿದ್ದೇನೆ. ಓದಿದವರಾದರೂ ಕೈ ಹಿಂದೆ ಕಟ್ಟಿಕೊಂಡು ನೋಡಿಯಾರು.

ಹಿಂದೆ ಒಮ್ಮೆ, ದೇಸಾಯರ ಕಾಲದಲ್ಲಿ, ಇದು ಹೆಸರಿಲ್ಲದ ದಿನ್ನೆ. ಅವರ ದನ ಮೇಯುವ ಜಾಗ. ಊರ ದ್ಯಾಮವ್ವನ ಹಳೆಯ ಮೂರ್ತಿಗೆ ಗೆದ್ದಲು ಹತ್ತಿತೆಂದು ಹಿರಿಯರು ವೀರಭದ್ರ ದೇಸಾಯರ ಹೊಲದ ಬೇವಿನ ಮರವನ್ನು ಕೇಳಿ ಪಡೆದರು. ಬಡಿಗೇರ ಮೌನಪ್ಪ ಒಂಬತ್ತು ತಿಂಗಳು ಕೂತು ಹೊಸ ಮೂರ್ತಿ ಕೆತ್ತಿದ. ನಮ್ಮೂರ ಕಟ್ಟಳೆ ಹೀಗಿದೆ. ಕಣ್ಣು ಬರೆಯುವ ತನಕ ಮೂರ್ತಿ ಬರೀ ಕಟ್ಟಿಗೆ, ಮತ್ತು ಕೆತ್ತಿದ ಕೈಯೇ ಕಣ್ಣು ಬರೆಯಬೇಕು. ಒಂದು ಮೂರ್ತಿ ಕಣ್ಣಿಲ್ಲದೆ ಇರುವಾಗ ಇನ್ನೊಂದಕ್ಕೆ ಉಳಿ ಮುಟ್ಟಿಸಬಾರದು. ಕೊನೆಯ ಬೊಟ್ಟು ಬಿದ್ದೊಡನೆ ದೇವಿಯ ಮೊದಲ ನೋಟ ಯಾವ ನೆಲದ ಮೇಲೆ ಬೀಳುತ್ತದೋ ಆ ನೆಲ ಅವಳದು, ಅವಳು ಕೂರಬೇಕಾದದ್ದೂ ಅಲ್ಲೇ. ಹಾಗಾಗಬಾರದೆಂದು ಎದುರಿಗೆ ಕನ್ನಡಿ ಹಿಡಿದು, ಅವಳು ತನ್ನನ್ನೇ ಕಾಣುವಂತೆ ಮಾಡುತ್ತಾರೆ.

ಮರ ಕೊಟ್ಟವರಿಗೆ ಮರ್ಯಾದೆಯೆಂದು, ಬಣ್ಣವಾದ ಮೂರ್ತಿಯನ್ನು ಮೊದಲು ದೇಸಾಯರ ದೊಡ್ಡ ಮನೆಗೆ, ವಾಡೆಗೆ, ಒಯ್ದರು. ಅಲ್ಲೇ ಎಡವಿದರು. ದೇಸಾಯರಿಗೆ ಗೊಂಬೆ ಕೂಡಿಡುವ ಹುಚ್ಚು. ಊರೂರಿನಿಂದ ತಂದ ಗೊಂಬೆಗಳು ಅವರ ಗಾಜಿನ ಕಪಾಟಿನಲ್ಲಿ ಮೂರು ಸಾಲು. ಮೂರ್ತಿಯನ್ನು ಕಂಡವರೇ, "ಕಣ್ಣ ಬರದಿಲ್ಲ ಅಂದಮ್ಯಾಲ ಇದು ಕಟ್ಟಿಗಿ. ಕಟ್ಟಿಗಿ ನನ್ನ ಹೊಲದ್ದು. ನಾಕ ದಿನ ಕಪಾಟಿನ್ಯಾಗ ಇರ್ಲಿ" ಎಂದರು. ಕಟ್ಟಳೆಯ ಮಾತನ್ನೇ ಆಡಿದವರಿಗೆ ಎದುರು ಹೇಳುವುದೇನು? ನಾಲ್ಕು ದಿನ ಎಂದದ್ದು ಹನ್ನೊಂದು ವರ್ಷವಾಯಿತು.

ಪ್ರತಿ ಹುಣ್ಣಿಮೆಗೆ ಮೌನಪ್ಪ ಕಾಡಿಗೆಯ ಬಟ್ಟಲು, ಅಳಿಲ ಕೂದಲಿನ ಕುಂಚ ಹಿಡಿದು ವಾಡೆಯ ಮೆಟ್ಟಿಲು ಹತ್ತುತ್ತಿದ್ದ. ಒಮ್ಮೆ ಬೀಗರು ಬಂದಿದ್ದಾರೆ, ಒಮ್ಮೆ ಆಷಾಢ, ಒಮ್ಮೆ ದೇಸಾಯರಿಗೆ ನೆಗಡಿ. ನೆಗಡಿಗೂ ದ್ಯಾಮವ್ವನ ಕಣ್ಣಿಗೂ ಏನು ಸಂಬಂಧವೆಂದು ಕೇಳುವ ಗಂಡಸು ಊರಲ್ಲಿ ಇರಲಿಲ್ಲ. ಈ ನಡುವೆ ಮೌನಪ್ಪನ ಕಣ್ಣಿಗೆ ಪೊರೆ ಬರತೊಡಗಿತು. ಮೊದಲು ಸೂಜಿಯ ಕಣ್ಣು ಕಾಣದಾಯಿತು, ಆಮೇಲೆ ಎದುರು ಬಂದವರ ಮುಖ. ಅವನ ಕಣ್ಣು ಪೂರ್ತಿ ಹೋದರೆ ತಾಯಿಗೆ ಎಂದಿಗೂ ಕಣ್ಣಿಲ್ಲ, ಊರಿಗೆ ಎಂದಿಗೂ ದ್ಯಾಮವ್ವನಿಲ್ಲ ಎಂದು ಜನ ಒಳಗೊಳಗೇ ಬೆಂದರು.

ಕೊನೆಗೆ ಕೆಲಸವಾದದ್ದು ಭಕ್ತಿಯಿಂದಲ್ಲ, ಚೇಷ್ಟೆಯಿಂದ. ವಾಡೆಗೆ ಬಂದ ಅತಿಥಿಯೊಬ್ಬರು ಕಪಾಟು ನೋಡಿ, "ಕಣ್ಣಿಲ್ಲದ ಗೊಂಬಿ ಅಂದ್ರ ಉಪ್ಪಿಲ್ಲದ ಪಲ್ಯ ಇದ್ಹಾಂಗ ಅಲ್ರೀ ದೇಸಾಯರ?" ಎಂದುಬಿಟ್ಟರು. ಮರುದಿನ ಬೆಳಿಗ್ಗೆಯೇ ಮೌನಪ್ಪನಿಗೆ ಕರೆ ಹೋಯಿತು. "ಇಲ್ಲೇ, ಕಪಾಟಿನ ಮುಂದನ ಬರಿ. ತನ್ನ ಮಾರಿ ತಾನ ನೋಡಿಕೊಳ್ಳಲಿ, ಇಲ್ಲೇ ಇರ್ಲಿ. ಪೂಜಿ ನಾನ ಮಾಡತೇನಿ" ಎಂದರು ದೇಸಾಯರು. ಕನ್ನಡಿ ಹಿಡಿಯಲು ಮುತ್ತೈದೆ ಬೇಕು. ದೇಸಾಯರ ಹೆಂಡತಿ ನೀಲವ್ವನೇ ಹಿಡಿದು ನಿಂತಳು. ಊರ ಹಿರಿಯರು ಹೊಸ್ತಿಲಾಚೆ ನಿಂತರು.

ಮೌನಪ್ಪ ಮೂರ್ತಿಯ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ಬಲಗಣ್ಣು ಬರೆದ. ಎಡಗಣ್ಣಿಗೆ ಬರುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ತುಂಬಿ ಎಲ್ಲವೂ ಮಂಜಾಯಿತು. ಕಾಡಿಗೆ ಹತ್ತಿದ ಹೆಬ್ಬೆರಳನ್ನು ದೇವಿಯ ಕೆನ್ನೆಗೆ ಊರಿ, ತಡವಿ ತಡವಿ ಬರೆದು, ಕೊನೆಯ ಬೊಟ್ಟಿಟ್ಟು ಪಕ್ಕಕ್ಕೆ ಸರಿದ. ಕಟ್ಟಳೆಯಂತೆ ಕೇಳಿದ: "ತಾಯಿ ಏನ ಕಂಡಳವ್ವಾ?"

"ದಿನ್ನಿ ಕಂಡಳು" ಎಂದಳು ನೀಲವ್ವ.

"ಏನಂದಿ?" ದೇಸಾಯರು ಹೌಹಾರಿದರು.

"ಕಿಡಕಿಯಾಚಿಗಿನ ದಿನ್ನಿ ಕಂಡಳು ಅಂದೆ. ನೀವ ಬಂದು ನೋಡ್ರಿ."

ದೇಸಾಯರು ಮೂರ್ತಿಯ ಹೆಗಲ ಬಳಿ ಬಗ್ಗಿ ನೋಡಿದರು. ಓರೆಯಾಗಿ ಹಿಡಿದ ಕನ್ನಡಿಯಲ್ಲಿ ದೇವಿಯ ಮುಖವಿರಲಿಲ್ಲ. ದಿನ್ನೆ, ಅದರ ಮೇಲೊಂದು ಎಮ್ಮೆ. "ಕನ್ನಡಿ ಸೊಟ್ಟ ಹಿಡದಿಯಲ್ಲ!"

"ಹನ್ನೊಂದ ವರ್ಷ ನಿಮ್ಮ ಗೊಂಬಿ ಧೂಳಾ ಹೊಡದ ಕೈರೀ ಇವು. ಸೊಟ್ಟ ಆಗದ ಮತ್ತೇನಾಗತಾವ?"

ಹೊಸ್ತಿಲಲ್ಲಿ ನಿಂತವರೆಲ್ಲ ಕೇಳಿದ್ದರು. ಕಟ್ಟಳೆಯ ಮಾತು ಹೇಳಿ ಮೂರ್ತಿಯನ್ನು ಇಟ್ಟುಕೊಂಡವರು ಕಟ್ಟಳೆಯ ಮಾತಿಗೇ ಬಿಟ್ಟುಕೊಡಬೇಕಾಯಿತು. ಅಂದೇ ದ್ಯಾಮವ್ವ ದಿನ್ನೆ ಹತ್ತಿದಳು, ಕನ್ನಡಿಯೂ ಜೊತೆಗೆ ಬಂತು. ಎಮ್ಮೆಯೂ ದೇವಿಯ ಪಾಲಿಗೇ ಬಂತು ಎನ್ನುತ್ತಾರೆ. ಅದು ನನಗೆ ತಿಳಿಯದು. ಹೊರಡುವಾಗ ಮೌನಪ್ಪ, "ಎಡಗಣ್ಣ ಹೆಂಗ ಬಂದೈತವ್ವಾ?" ಎಂದು ಕೇಳಿದನಂತೆ. ನೀಲವ್ವ, "ಬಲಗಣ್ಣಿನಂಗನ ಬಂದೈತಪಾ" ಎಂದಳಂತೆ.

ಈಗಲೂ ಬಂದವರು ಕಾಣುವುದು ಆ ಎಡಗಣ್ಣನ್ನೇ. ಬಲಗಣ್ಣು ನಿಮ್ಮನ್ನು ನೋಡುತ್ತದೆ, ಎಡಗಣ್ಣು ನಿಮ್ಮ ತಲೆಯ ಮೇಲಿಂದ ಆಚೆಗೆ. ಹನ್ನೆರಡು ವರ್ಷಕ್ಕೊಮ್ಮೆ ಮೈಬಣ್ಣ ಹೊಸದಾಗುತ್ತದೆ, ಕಣ್ಣನ್ನೂ ಅದರ ಕೆಳಗಿನ ಕೆನ್ನೆಯನ್ನೂ ಯಾರೂ ಮುಟ್ಟುವುದಿಲ್ಲ. ಎಡಗಣ್ಣಿನ ಕೆಳಗೆ ಕಾಡಿಗೆಯದೊಂದು ಕಪ್ಪು ಗುರುತಿದೆ. ಕೊಳೆಯೆಂದು ತಿಳಿದು ಕರವಸ್ತ್ರ ತೆಗೆಯುವವರೇ ಎಲ್ಲರೂ. ಕಳೆದ ಮಂಗಳವಾರ ಒಬ್ಬಾಕೆ ಸೆರಗಿಗೆ ಎಂಜಲು ಹಚ್ಚಿ ಕೈ ಚಾಚಿಯೇಬಿಟ್ಟಿದ್ದಳು. ತಿದ್ದಿಸುತ್ತೇನೆಂದ ಮಹನೀಯರಿಗೂ ಇದೇ ಉತ್ತರ: ಕೆತ್ತಿದ ಕೈಯೇ ಬರೆಯಬೇಕು. ಆ ಕೈಯದು ಈಗ ಉಳಿದಿರುವುದು ಅಲ್ಲಿ, ಹೆಬ್ಬೆರಳಿನಗಲ. ದಯಮಾಡಿ ಅದನ್ನು ಒರೆಸಬೇಡಿರಿ.