ಕಾಡಿಗೆ ಎಮ್ಮೆ ಹಾಲಿಳಿಸಿದ್ದು

ಒಂದಾನೊಂದು ಕಾಲದಲ್ಲಿ, ದನ ಎಮ್ಮೆಗೆಲ್ಲ ನಮ್ಮ ಮನಸಿನ ಮಾತು ಕೇಳಿಸ್ತಿದ್ದ ಕಾಲದಲ್ಲಿ, ಗುಡ್ಡದ ಬುಡದಲ್ಲಿ ಒಂದು ಹಟ್ಟಿ ಇತ್ತಂತೆ. ಆ ಹಟ್ಟೀಲಿ ದೊಡ್ಡೀರವ್ವ ಅಂತ ಒಬ್ಬಳು ಅತ್ತೆ, ಅವಳಿಗೆ ಮೂರು ಜನ ಸೊಸೇರು. ಕಿರೀ ಸೊಸೆ ಗಿರಿಯಕ್ಕ ಹಸೀ ಬಾಣಂತಿ. ಅವಳ ಗಂಡ ಕುರಿ ಹೊಡ್ಕೊಂಡು ಹೊಳೆ ಆಚೆ ಹೋದೋನು, ಹೊಳೆ ತುಂಬಿ ಬಂದು ಆಚೇನೇ ಉಳಿದುಬಿಟ್ಟ. ಇದ್ದಾನೋ ಇಲ್ಲವೋ ಅಂತ ಹೇಳೋಕೆ ಒಂದು ಕಾಗೇನೂ ಈಚೆ ಹಾರಿ ಬರಲಿಲ್ಲವಂತೆ. ಗಿರಿಯಕ್ಕಂಗೆ ಕೂತ್ರೂ ಹೊಳೆ, ನಿಂತ್ರೂ ಹೊಳೆ, ಕಣ್ಣು ಮುಚ್ಚಿದ್ರೂ ಹೊಳೆ. ಹಂಗೆ ಚಿಂತೆ ಮಾಡಿ ಮಾಡಿ ಅವಳ ಎದೆಹಾಲು ಬತ್ತಿಹೋಯ್ತಂತೆ.

ಮನೇಲಿ ಕಾಡಿಗೆ ಅಂತ ಒಂದು ಎಮ್ಮೆ ಇತ್ತು, ಕಾಡಿಗೆಯಷ್ಟೇ ಕಪ್ಪು. ಅದರ ಹಾಲು ಕುಡಿದು ಕೂಸು ಹೆಂಗೋ ಜೀವ ಹಿಡ್ಕೊಂಡಿತ್ತು. ಆದ್ರೆ ಆ ಎಮ್ಮೆ ಅತ್ತೆ ಕೈಗೆ ಬಿಟ್ರೆ ಬೇರೆ ಯಾರ ಕೈಗೂ ಹಾಲಿಳಿಸದು. ಅಂಥಾದ್ರಲ್ಲಿ ಒಂದಿನ ಅತ್ತೆ ಕಾಲು ಜಾರಿ ಬಿದ್ದು ಕೈ ಮುರ್ಕೊಂಡಳಂತೆ. ಸಂಜೆ ಹಾಲು ಕರೆಯೋರು ಯಾರು?

ಅತ್ತೆ ಹಾಲು ಕರೆಯುವಾಗ ತುಟಿ ಆಡಿಸ್ತಾ ಏನೋ ಗೊಣಗೋದನ್ನ ಸೊಸೇರು ನೋಡಿದ್ರು. ಅತ್ತೆಮ್ಮಾ, ಆ ಎಮ್ಮೆ ಮಂತ್ರ ನಮಗೂ ಹೇಳ್ಕೊಡು ಅಂದ್ರಂತೆ. ಸಿವಸಿವಾ ಅಂತೀನಿ ಕಣ್ರೇ, ಇನ್ನೇನಿಲ್ಲ ಅಂದಳು ಅತ್ತೆ.

ಸರಿ, ಹಿರೀ ಸೊಸೆ ಸೆರಗು ಸಿಕ್ಕಿಸ್ಕೊಂಡು ಹೋಗಿ, ಸಿವಸಿವಾ, ಇಳಿಸ್ತೀಯೋ ಇಲ್ವೋ, ಸಿವಸಿವಾ ಅಂತ ಗದರಿದಳು. ಕಾಡಿಗೆ ಝಾಡಿಸಿ ಒದ್ದದ್ದಕ್ಕೆ ತಂಬಿಗೆ ಬೇಲಿ ಆಚೆ ಬಿತ್ತಂತೆ. ಆಮೇಲೆ ನಡುವಿನ ಸೊಸೆ ಬೂಸ ತಗೊಂಡು ಹೋಗಿ, ಎಮ್ಮೆ ಕಿವೀಲಿ ಬಾಯಿಟ್ಟು, ಸಿವಸಿವಾ ನಮ್ಮವ್ವ, ಸಿವಸಿವಾ ನನ್ನ ಬಂಗಾರಿ ಅಂತ ರಮಿಸಿದಳು. ಕಾಡಿಗೆ ಬೂಸಾನೆಲ್ಲ ತಿಂದು ಬಾಲ ಎತ್ತಿ ಸಗಣಿ ಹಾಕ್ತಂತೆ. ನಗಬೇಡ ಮಗ, ಮಲಕ್ಕೋ.

ಆಮೇಲೆ ಗಿರಿಯಕ್ಕ. ಒಳಗೆ ಕೂಸಿಗೆ ಅಳೋಕೂ ತ್ರಾಣ ಇಲ್ಲ. ಓಡೋಡಿ ಹೋಗಿ ಕೆಚ್ಚಲಿಗೆ ಕೈ ಹಾಕಿ ಸಿವಸಿವಾ ಅಂದಳು, ಎಮ್ಮೆ ಮೈ ಬಿಗಿ ಹಿಡ್ಕೊಂಡು ಹಿಂದಕ್ಕೆ ಸರೀತು. ಓಡಿ ಬಂದು, ಅತ್ತೆಮ್ಮಾ, ನಿನ್ನ ಮಂತ್ರ ಎಮ್ಮೆಗೆ ಹತ್ತಲಿಲ್ಲ ಅಂತ ಅತ್ತಳಂತೆ. ಮುದುಕಿ ಆ ನೋವಲ್ಲೂ ನಕ್ಕುಬಿಟ್ಟಳು. ಅಯ್ಯೋ ಹುಚ್ಚೀ, ಎಮ್ಮೆಗ್ಯಾಕೆ ಮಂತ್ರ? ಅದಕ್ಕೇನು ಗಂಡ ಬರಲಿಲ್ಲ ಅನ್ನೋ ಚಿಂತೇನಾ? ನಾನು ಹೇಳ್ತಿದ್ದದ್ದು ನನಗೆ ಕಣೇ, ನಿಮ್ಮಾವ ಸತ್ತಾಗಿಂದ ಹೇಳ್ತಿದೀನಿ. ಹೋಗು, ಹಾಲು ಮರೆತುಬಿಡು. ಉಸಿರು ಹೋಗ್ತಾ ಸಿವ ಅನ್ನು, ಬರ್ತಾ ಸಿವ ಅನ್ನು. ಮನಸು ಹೊಳೆ ಕಡೆ ಓಡ್ತದೆ, ಓಡಲಿ. ತಪ್ಪಿಸ್ಕೊಂಡ ಕರೂನ ಹೊಡೀತೀಯಾ? ಹೆಸರು ಹಿಡಿದು ಕರೀತೀಯ. ಹಂಗೇ ತಿರುಗಾ ಕರಿ ಅಂದಳಂತೆ.

ಗಿರಿಯಕ್ಕ ಹೋಗಿ ಎಮ್ಮೆ ಪಕ್ಕೆಗೆ ಹಣೆ ಆನಿಸಿ ಕೂತಳು. ಸಿವ. ಸಿವ. ಮನಸು ಹೊಳೆಗೆ ಓಡ್ತು. ಸಿವ ಅಂದಳು, ಅದು ಅರ್ಧ ದಾರೀಲಿ ನಿಂತು ತಿರುಗಿ ನೋಡ್ತು. ಮತ್ತೆ ಓಡ್ತು, ಮತ್ತೆ ಕರೆದಳು. ಆಮೇಲೆ, ಆಮೇಲೆ ಅದು ತಾನಾಗೇ ಬಂದು ಕರುವಿನಂಗೆ ಕಿವಿ ಜೋಲುಬಿಟ್ಟು ಅವಳ ಪಕ್ಕ ಮಲಗ್ತಂತೆ. ಹೊಳೆ ಸದ್ದು ದೂರ ದೂರ ಹೋಯ್ತು. ಎಮ್ಮೆ ಹೊಟ್ಟೆ ಒಳಗೆ ಗುಡುಗುಡು, ಹೊರಗೆ ಮಂಜು ಇಳಿದಂಗೆ ಕತ್ತಲೆ ಇಳೀತು, ಉಸಿರು ಅವಳದೋ ಕಾಡಿಗೇದೋ ಗೊತ್ತಾಗದಂಗೆ ಒಂದಾಯ್ತು. ಯಾವಾಗ ಹಾಲು ಕರೆಯೋಕೆ ಶುರು ಮಾಡಿದಳೋ ಅವಳಿಗೇ ತಿಳೀದು, ತಂಬಿಗೇಲಿ ಸೊರ್ ಸೊರ್ ಅಂತ ನೊರೆ ಏರ್ತಿತ್ತಂತೆ.

ಆಗ ರವಿಕೆ ಒದ್ದೆ ಅನ್ನಿಸ್ತು. ಎಮ್ಮೆ ಹಾಲು ಸಿಡಿದಿರಬೇಕು ಅಂದ್ಕೊಂಡು ಮುಟ್ಟಿ ನೋಡಿದ್ರೆ, ಅವಳದೇ ಹಾಲು, ಮಗ! ತಂಬಿಗೆ ಅಲ್ಲೇ ಬಿಟ್ಟು ಓಡಿಹೋಗಿ ಕೂಸನ್ನ ಎತ್ಕೊಂಡಳು, ಕೂಸು ಗುಟುಕ್ ಗುಟುಕ್ ಅಂತ ಕುಡೀತಂತೆ.

ಆಮೇಲೆ ಹೊಳೆ ಇಳೀತು, ಗಂಡ ಕುರಿ ಹೊಡ್ಕೊಂಡು ಬಂದ. ಅದು ಮಂತ್ರದಿಂದಲ್ಲ, ಮಳೆ ನಿಂತದ್ದಕ್ಕೆ. ಹೊಳೆ ಯಾರ ಮಾತು ಕೇಳ್ತದೆ?

ಕಾಡಿಗೆ ಕೊಟ್ಟಿಗೇಲಿ ಮಲಗ್ತು, ಕೂಸು ತೊಟ್ಲಲ್ಲಿ ಮಲಗ್ತು, ಕತೆ ಮುಗಿದು ನಿನ್ನ ದಿಂಬಿನ ಕೆಳಗೆ ಮಲಗ್ತು.